ರಾಯಕೋಟೆಯ ಅಕ್ಷರದ ಹಲಗೆಗಳು

ರಾಯಕೋಟೆ
೧೧–೬–೧೯೮೪

ಶ್ಯಾಮಲಮ್ಮ ಟೀಚರ್ ಅವರಿಗೆ ಮುನಿರತ್ನಮ್ಮ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ ಎಂದು ಬರೆದು ಶುರು ಮಾಡಬೇಕು. ಬರೆಯಲು ಕೈ ಬರುತ್ತಿಲ್ಲ. ಕ್ಷೇಮವಿಲ್ಲ, ಕೋಪವಿದೆ. ನಿಮ್ಮ ವಿಳಾಸವನ್ನು ಇಲ್ಲಿಯ ಪೋಸ್ಟ್ ಮಾಸ್ತರರ ಹತ್ತಿರ ಜಗಳವಾಡಿ ತೆಗೆದುಕೊಂಡೆ. ನಿಮಗೆ ಬರುವ ಕಾಗದಗಳನ್ನು ದಾವಣಗೆರೆಗೆ ಕಳಿಸಿ ಎಂದು ಅವರಿಗೆ ಹೇಳಿ ಹೋಗಿದ್ದೀರಂತೆ. ಪೋಸ್ಟ್ ಆಫೀಸಿಗೆ ಹೇಳಿ ಹೋಗಲು ನೆನಪಿತ್ತು, ನಮಗೆ ಹೇಳಲು ಇರಲಿಲ್ಲ.

ಏಪ್ರಿಲ್‌ನಲ್ಲಿ ಬೇಸಿಗೆ ರಜ ಎಂದು ನಿಮ್ಮ ಕೈದೀಪ ಸಂಸ್ಥೆಯ ಪಾಠದ ಕೇಂದ್ರದ ಬಾಗಿಲು ಹಾಕಿದಿರಿ. ಶಾಲೆ ತೆರೆದ ಮೇಲೆ ಅಂಜಿನಿಯನ್ನು ಕರೆದುಕೊಂಡು ಎಂದಿನ ಹಾಗೆ ಸಂಜೆ ಬಂದರೆ ಬೋರ್ಡೇ ಇಲ್ಲ. ಮುಂದಿನ ಕೋಣೆಯಲ್ಲಿ ಮನೆಯ ಮಾಲೀಕ ಸೊಣ್ಣಪ್ಪ ಮೂಟೆ ಪೇರಿಸಿಕೊಂಡು ಕೂತಿದ್ದ. ಒಳಕೋಣೆಗೆ ಬೀಗ. "ಟೀಚರಮ್ಮ ಎಲ್ಲಣ್ಣಾ?" ಎಂದೆ. "ಮುಚ್ಕೊಂಡ್ ಹೋಗ್ಬುಟ್ರು ಕಣಮ್ಮ. ಒಳಗಿನ್ ರೂಮ್ನಾಗೆ ಅವ್ರ್ ಸಾಮಾನವೆ, ಅದಕ್ಕೆ ಬಾಡಿಗೆ ಬತ್ತೈತೆ. ಮುಂದಿಂದು ಇನ್ನು ನಂದೇ, ಕಡ್ಲೆಕಾಯ್ ಮಂಡಿ ಇಡ್ತೀನಿ" ಎಂದ. ಅಂಜಿನಿ ಕಿಟಕಿಯ ಸಂದಿನಿಂದ ಇಣುಕಿ, "ಅಮ್ಮಾ, ಹಲಗೆಗಳು ಒಳಗೇ ಅವೆ" ಎಂದಳು. ಅವಳು ಬೆರಳಾಡಿಸುತ್ತಿದ್ದ, ಅಕ್ಷರ ಕೊರೆದ ಮರದ ಹಲಗೆಗಳು.

ಎರಡು ವರ್ಷ ನಿಮ್ಮ ಹತ್ತಿರ ಬಂದಳು. ಬಾಯಿಲೆಕ್ಕದಲ್ಲಿ ಅಂಗಡಿಯವನನ್ನೇ ಸೋಲಿಸುವ ಹುಡುಗಿ, ಒಂದು ಸಾರಿ ಕೇಳಿದ ಪಾಠವನ್ನು ಪೂರ್ತಿ ಒಪ್ಪಿಸುವ ಹುಡುಗಿ, ಪುಸ್ತಕ ತೆರೆದರೆ ಮಾತ್ರ ಕಲ್ಲಾಗುತ್ತಿದ್ದಳು. ನಿಮ್ಮಲ್ಲಿ ಬಂದು ಅರ್ಧ ಅಕ್ಷರಗಳಾದರೂ ಹಿಡಿದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ಅದಕ್ಕೇ ತಲೆ ಕೆಟ್ಟಿದೆ ಎನ್ನುತ್ತಾರೆ ನಮ್ಮ ಯಜಮಾನರು. ನಾನು ಹೇಳಿಕೊಡೋಣವೆಂದರೆ ತವರು ಗುಮ್ಮಳಾಪುರದಲ್ಲಿ ನಾನು ಓದಿದ್ದು ಕನ್ನಡದಲ್ಲಿ. ಅವಳ ತಮಿಳು ಪುಸ್ತಕದ ಒಂದು ಅಕ್ಷರವೂ ನನಗೆ ತಿಳಿಯುವುದಿಲ್ಲ.

ಈಗ ಐದನೇ ತರಗತಿ. ಹೆಡ್‌ಮಾಸ್ಟರು, ಹುಡುಗಿಗೆ ಏನಾಗಿದೆ ಎಂದು ದೊಡ್ಡ ಡಾಕ್ಟರ ಹತ್ತಿರ ಬರೆಸಿಕೊಂಡು ಬಾ, ಇಲ್ಲದಿದ್ದರೆ ಹೆಸರು ಹೊಡೆಯುತ್ತೇನೆ ಎಂದಿದ್ದಾರೆ. ಯಾವ ಡಾಕ್ಟರು? ಎಲ್ಲಿ? ಅವಳ ತೊಡಕಿಗೆ ನೀವು ಒಂದು ಹೆಸರು ಹೇಳುತ್ತಿದ್ದಿರಿ, ಅದು ನನ್ನ ಬಾಯಲ್ಲಿ ನಿಲ್ಲಲಿಲ್ಲ. ಅದನ್ನಾದರೂ ಬರೆದು ಕಳಿಸಿ.

ಇಂತಿ,
ಮುನಿರತ್ನಮ್ಮ

*

ದಾವಣಗೆರೆ
೨೨–೬–೧೯೮೪

ಶ್ರೀಮತಿ ಮುನಿರತ್ನಮ್ಮನವರಿಗೆ ವಂದನೆಗಳು.

ನಿಮ್ಮ ಪತ್ರ ತಲುಪಿತು. ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ. ಆದರೆ ಕೇಂದ್ರವನ್ನು ನಡೆಸುವುದು ಮುಚ್ಚುವುದು ನನ್ನ ಕೈಯಲ್ಲಿರಲಿಲ್ಲ ಎಂಬುದನ್ನು ನೀವೂ ಅರ್ಥ ಮಾಡಿಕೊಳ್ಳಬೇಕು. ಹೊರದೇಶದಿಂದ ಬರುತ್ತಿದ್ದ ನೆರವು ನಿಂತು ಸಂಸ್ಥೆ ಮುಚ್ಚಿತು. ನಾನು ಸಂಬಳಕ್ಕೆ ಇದ್ದವಳು. ಈಗ ಅಣ್ಣನ ಮನೆಯಲ್ಲಿದ್ದುಕೊಂಡು ಇಲ್ಲಿ ಬೇರೆ ಕೆಲಸ ಮಾಡುತ್ತಿದ್ದೇನೆ.

ಅಂಜಿನಮ್ಮನಿಗೆ ಇರುವುದು ರೋಗವಲ್ಲ. ಬುದ್ಧಿಗೆ ಕೊರತೆಯಿಲ್ಲ. ಕಣ್ಣು ಕಂಡ ಅಕ್ಷರವನ್ನು ಶಬ್ದಕ್ಕೆ ಜೋಡಿಸುವಲ್ಲಿ ತೊಡಕು. ಅದನ್ನು ಡಿಸ್ಲೆಕ್ಸಿಯಾ ಎನ್ನುತ್ತಾರೆ. ತಾಳ್ಮೆಯಿಂದ, ಬೇರೆ ರೀತಿಯಲ್ಲಿ ಕಲಿಸಿದರೆ ಓದು ಬರುತ್ತದೆ. ಮೂರು ಭಾಷೆಗೂ ಇದಕ್ಕೂ ಸಂಬಂಧವಿಲ್ಲವೆಂದು ನಿಮ್ಮ ಯಜಮಾನರಿಗೆ ಹೇಳಿ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಇಂಥ ಮಕ್ಕಳನ್ನು ಪರೀಕ್ಷಿಸುವ ವಿಭಾಗವಿದೆ. ಜುಲೈ ಇಪ್ಪತ್ತಮೂರು, ಸೋಮವಾರ ಬೆಳಿಗ್ಗೆ ಬರಲು ಹೇಳಿದ್ದಾರೆ. ವಿಳಾಸವನ್ನೂ ಇಂಗ್ಲಿಷಿನಲ್ಲಿ ಬರೆದ ಪರಿಚಯ ಪತ್ರವನ್ನೂ ಜೊತೆಗೆ ಇಟ್ಟಿದ್ದೇನೆ. ನಾನೂ ಅಂದು ಬಂದು ಗೇಟಿನ ಬಳಿ ನಿಮ್ಮನ್ನು ಕಾಣುತ್ತೇನೆ. ಗಾಬರಿಯಾಗಬೇಡಿ.

ಶ್ಯಾಮಲಮ್ಮ

*

ರಾಯಕೋಟೆ
೨೭–೭–೧೯೮೪

ಟೀಚರಮ್ಮನವರಿಗೆ,

ನೀವು ಬರಲಿಲ್ಲ.

ಮೊದಲ ಬಸ್ಸಿಗೆ ಹೊಸೂರಿಗೆ ಹೋಗಿ ಅಲ್ಲಿಂದ ಬೆಂಗಳೂರು ಬಸ್ಸು ಹಿಡಿದೆವು. ಗೇಟಿನ ಮುಂದೆ ನಿಂತು, ನಿಂತ ಪ್ರತಿ ಸಿಟಿ ಬಸ್ಸಿನಿಂದ ಇಳಿಯುವ ಹೆಂಗಸರನ್ನೆಲ್ಲ ನೋಡಿದೆವು. ಅಂಜಿನಿ, "ಅಮ್ಮಾ, ಅದೋ ಬಂದ್ರು" ಎಂದು ಯಾರ ಹಿಂದೆಯೋ ಓಡಿ ಮುಖ ಸಪ್ಪೆ ಮಾಡಿಕೊಂಡು ಬಂದಳು. ಕೊನೆಗೆ ವಾಚ್‌ಮನ್, ಹೊತ್ತು ಮೀರಿದರೆ ಚೀಟಿ ಕೊಡುವುದಿಲ್ಲ ಎಂದು ಒಳಗೆ ಅಟ್ಟಿದ.

ಚೀಟಿ ಬರೆಯುವವನು ಎಲ್ಲಿಂದ ಎಂದ. ಹೊಸೂರು ಕಡೆ ಎಂದೆ. "ತಮಿಳರಾ?" ಎಂದು ಮೇಲಿಂದ ಕೆಳಗೆ ನೋಡಿದ. ನನಗೆ ಮೈ ಉರಿದು ಹೋಯಿತು. ಗಡಿಯಾಚೆ ನಮ್ಮ ಊರಿನ ಆಫೀಸುಗಳಲ್ಲಿ ನಮ್ಮನ್ನು ಕನ್ನಡದವರು ಎಂದು ದೂರ ಮಾಡುತ್ತಾರೆ, ಇಲ್ಲಿಗೆ ಬಂದರೆ ತಮಿಳರು ಎಂದು ಮೂಗು ಮುರಿಯುತ್ತಾರೆ. "ಯಾರಣ್ಣಾ ತಮಿಳ್ರು? ನಮ್ ತಾತ ಮುತ್ತಾತನ್ ಕಾಲ್ದಿಂದ ನಾವು ಕನ್ನಡ್ದೋರೇ. ಬರ್ಕೋ, ಕನ್ನಡ ಅಂತ ಬರ್ಕೋ" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಹೇಳಿದೆ. ಬರೆದುಕೊಂಡ. ಅಷ್ಟೊಂದು ಜನರ ನಡುವೆ ನಾನು ಗಟ್ಟಿಯಾಗಿ ಮಾತಾಡಿದ್ದು ಅದೊಂದೇ.

ನನ್ನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಒಳಗೆ ಕರೆದರು. ನಾನು ತಂದಿದ್ದ ರಾಗಿಮುದ್ದೆ ಬುತ್ತಿ ಬಿಚ್ಚುವುದರೊಳಗೆ ಅವಳು ಹೊರಗೆ ಬಂದಳು. ಏನು ಕೇಳಿದರು ಎಂದರೆ ಮಾತಿಲ್ಲ. ಬಸ್ಸಿನಲ್ಲಿ ವಾಂತಿ ಮಾಡಿಕೊಂಡಳು.

ಅವರು ಕೊಟ್ಟ ಕಾಗದ ಇಂಗ್ಲಿಷಿನಲ್ಲಿತ್ತು. ನಮ್ಮ ಯಜಮಾನರು ಹೊಸೂರಿನ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರಿಂದ ಓದಿಸಿಕೊಂಡು ಬಂದರು. ಬುದ್ಧಿಮಾಂದ್ಯ ಎಂದು ಬರೆದಿದ್ದಾರಂತೆ. ಶಾಲೆಯ ಓದಿಗೆ ಆಗದು, ಕೈಕೆಲಸ ಕಲಿಸಿ ಎಂದಿದ್ದಾರಂತೆ.

ಎರಡು ವರ್ಷ ನನ್ನ ಎದುರು ಕೂತು, ನಿಮ್ಮ ಮಗಳು ಜಾಣೆ, ಜಾಣೆ ಎಂದಿರಿ. ಯಾರ ಮುಂದೆ ಹೇಳಿದ ಸುಳ್ಳು ಅದು? ನನ್ನ ಮುಂದೆಯೋ, ಫೋಟೋ ತೆಗೆಯಲು ಬರುತ್ತಿದ್ದ, ಹಣ ಕೊಡುವ ನಿಮ್ಮ ದೊರೆಗಳ ಮುಂದೆಯೋ? ಇನ್ನು ನನಗೆ ಬರೆಯಬೇಡಿ.

ಮುನಿರತ್ನಮ್ಮ

*

ದಾವಣಗೆರೆ
೪–೮–೧೯೮೪

ಮುನಿರತ್ನಮ್ಮನವರೆ,

ಬರೆಯಬೇಡಿ ಎಂದಿದ್ದೀರಿ. ಬರೆಯದೆ ಗತಿಯಿಲ್ಲ. ದಯವಿಟ್ಟು ಹರಿದು ಹಾಕದೆ ಪೂರ್ತಿ ಓದಿ.

ರಜ ಸಿಗದೆ ನನಗೆ ಬರಲಾಗಲಿಲ್ಲ. ಅದಕ್ಕೆ ಎಷ್ಟು ಬೈದರೂ ಸರಿಯೇ. ಆದರೆ ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ಕನ್ನಡ ಎಂದು ಬರೆಸಿದೆ ಎಂದಿದ್ದೀರಿ. ಅಯ್ಯೋ ತಾಯಿ! ಅವರು ಕೇಳಿದ್ದು ನಿಮ್ಮ ಕುಲಗೋತ್ರವಲ್ಲ, ಮಗುವಿಗೆ ಯಾವ ಪುಸ್ತಕ ಕೊಟ್ಟು ಓದಿಸಬೇಕೆಂದು. ಅಂಜಿನಿಯನ್ನು ಕೂರಿಸಿಕೊಂಡು ಕೇಳಿ, ಅವಳ ಮುಂದೆ ಇಟ್ಟ ಹಾಳೆ ಯಾವುದು ಎಂದು. ಕನ್ನಡದ ಹಾಳೆ ಇಟ್ಟಿರುತ್ತಾರೆ. ಕನ್ನಡ ಅಕ್ಷರವನ್ನು ಆ ಮಗು ಯಾವ ಶಾಲೆಯಲ್ಲಿ ಕಲಿತಿದೆ? ನಾನು ಅವಳಿಗೆ ಕಲಿಸಿದ್ದು ತಮಿಳು ಅಕ್ಷರ, ಅವಳ ಶಾಲೆಯ ಅಕ್ಷರ. ಕನ್ನಡದಲ್ಲಿ ಚೆನ್ನಾಗಿ ಮಾತಾಡುವ ಹತ್ತು ವರ್ಷದ ಹುಡುಗಿ ಕನ್ನಡದ 'ಅ' ಕೂಡ ಗುರುತಿಸಲಿಲ್ಲ ಎಂದರೆ ನೋಡಿದವರು ಏನು ತಿಳಿಯಬೇಕು?

ಅವರದ್ದೂ ತಪ್ಪೇ. ಬುದ್ಧಿ ಅಳೆಯಲು ಓದಿಸಲೇಬೇಕೆಂದಿಲ್ಲ. ಮರದ ತುಂಡು ಜೋಡಿಸುವ ಪರೀಕ್ಷೆಗಳಿವೆ, ಅವನ್ನು ಮಾಡಿಸುವಷ್ಟು ವ್ಯವಧಾನ ಅವರಿಗಿರಲಿಲ್ಲ. ಆದರೆ ಕನ್ನಡವೆಂದು ಕೂಗಿ ಹೇಳುವ ಅಗತ್ಯ ಏನಿತ್ತು? ನಿಮ್ಮ ಅಭಿಮಾನಕ್ಕೆ ಮಗುವಿನ ಓದನ್ನು ಬಲಿ ಕೊಟ್ಟಿರಿ.

ಆ ಕಾಗದವನ್ನು ಯಾವ ಕಾರಣಕ್ಕೂ ಶಾಲೆಗೆ ಕೊಡಬೇಡಿ. ನಾನು ಆಸ್ಪತ್ರೆಗೆ ಬರೆಯುತ್ತೇನೆ.

ಶ್ಯಾಮಲಮ್ಮ

*

ದಾವಣಗೆರೆ
೨೧–೯–೧೯೮೪

ಮುನಿರತ್ನಮ್ಮನವರೆ,

ಉತ್ತರವೇ ಇಲ್ಲ. ಹೋದ ಪತ್ರದಲ್ಲಿ ನನ್ನ ಮಾತು ಬಿರುಸಾಯಿತು. ಆಸ್ಪತ್ರೆಯವರು, ಪೋಷಕರೇ ಬಂದು ಕೇಳಬೇಕು ಎಂದು ಎರಡು ಸಾಲು ಬರೆದು ಕೈ ತೊಳೆದುಕೊಂಡಿದ್ದಾರೆ. ಕಾಗದ ಶಾಲೆಗೆ ಹೋಗಿಲ್ಲ ತಾನೆ? ಅಂಜಿನಿ ಶಾಲೆಗೆ ಹೋಗುತ್ತಿದ್ದಾಳೆ ತಾನೆ? ಅಷ್ಟನ್ನಾದರೂ ಒಂದು ಕಾರ್ಡಿನಲ್ಲಿ ಬರೆಯಿರಿ. ಮನೆಯಲ್ಲಿ ಕವರು ಇರಲಿಲ್ಲ, ಕೈಗೆ ಸಿಕ್ಕಿದ್ದರಲ್ಲಿ ಹಾಕಿ ಕಳಿಸುತ್ತಿದ್ದೇನೆ.

ಶ್ಯಾಮಲಮ್ಮ

*

ರಾಯಕೋಟೆ
೩–೧೦–೧೯೮೪

ಟೀಚರಮ್ಮನವರಿಗೆ,

ಅಂಜಿನಿ ಶಾಲೆಗೆ ಹೋಗುತ್ತಿಲ್ಲ. ನಿಮ್ಮ ಆಗಸ್ಟ್ ತಿಂಗಳ ಕಾಗದ ಬರುವ ಮೊದಲೇ ನಮ್ಮ ಯಜಮಾನರು ಆ ಸರ್ಟಿಫಿಕೇಟನ್ನು ಶಾಲೆಗೆ ಕೊಟ್ಟಾಗಿತ್ತು. ಕೆಟ್ಟ ಮನಸ್ಸಿನಿಂದ ಕೊಡಲಿಲ್ಲ. "ದೊಡ್ ಡಾಕ್ಟ್ರೇ ಬರ್ದವ್ರೆ ಬರಕ್ಕಿಲ್ಲ ಅಂತ. ಇನ್ಯಾಕೆ ಆ ಮಗೀನ್ನ ದಿನಾ ಹೊಡ್ಸೋದು? ಬುಟ್ಬುಡು ರತ್ನ" ಎಂದರು. ಹೇಳುವಾಗ ಕಣ್ಣಲ್ಲಿ ನೀರಿತ್ತು. ಹೆಡ್‌ಮಾಸ್ಟರು ಕಾಗದ ನೋಡಿ, "ಮೂಳೈ ಇಲ್ಲಮ್ಮಾ, ನಾನ್ ಅಪ್ಪವೇ ಸೊನ್ನೇನ್" ಎಂದರು. ಮೆದುಳಿಲ್ಲ, ನಾನು ಆಗಲೇ ಹೇಳಿದೆ ಎಂದು. ಅವಳ ಎದುರಿಗೇ ಅಂದರು. ಹೆಸರು ಹೊಡೆದರು.

ಈಗ ಎಲ್ಲಿದ್ದಾಳೆ ಗೊತ್ತೇ? ಸೊಣ್ಣಪ್ಪನ ಮಂಡಿಯಲ್ಲಿ ಕಡಲೆಕಾಯಿ ಸುಲಿಯುತ್ತಾಳೆ. ನೀವು ಪಾಠ ಹೇಳುತ್ತಿದ್ದ ಅದೇ ಮುಂದಿನ ಕೋಣೆಯಲ್ಲಿ, ಹೆಂಗಸರ ಸಾಲಿನಲ್ಲಿ ಕೂತು. ಸುಲಿದು ಸುಲಿದು ಹೆಬ್ಬೆರಳು ಒಡೆದಿದೆ. ಅದರ ಹಿಂದಿನ ಬಾಗಿಲಿಗೆ ನಿಮ್ಮ ಬೀಗ ನೇತಾಡುತ್ತಿದೆ.

ಅವಳನ್ನು ಕೇಳಿದೆ. ನೀವು ಹೇಳಿದ್ದು ನಿಜ, ಕನ್ನಡದ ಹಾಳೆಯನ್ನೇ ಇಟ್ಟಿದ್ದರು. "ನೀನ್ ಅಷ್ಟ್ ಜೋರಾಗಿ ಕನ್ನಡ ಅಂದ್ಯಲ್ಲಮ್ಮಾ, ನಂಗ್ ಬರಲ್ಲ ಅಂದ್ರೆ ನಿಂಗ್ ಅವಮಾನ ಅಂತ ಸುಮ್ಕಿದ್ದೆ" ಎಂದಳು. ಆ ಮಾತು ಕೇಳಿದ ಮೇಲೆ ನನಗೆ ಅನ್ನ ಸೇರಿಲ್ಲ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಆದರೆ ನೀವು ನನ್ನನ್ನು ಬೈದಿರಲ್ಲ, ಅದಕ್ಕೆ ಉತ್ತರ ತೆಗೆದುಕೊಳ್ಳಿ. ನಿಮ್ಮ ಪರಿಚಯ ಪತ್ರವನ್ನು ಆಸ್ಪತ್ರೆಯವರು ವಾಪಸ್ಸು ಕೊಟ್ಟಿದ್ದರು. ಅದನ್ನೂ ಸೂಪರ್‌ವೈಸರಿಂದ ಓದಿಸಿದೆ. ಹೊಸೂರು ಕಡೆಯ ಕನ್ನಡ ಕುಟುಂಬದ ಹುಡುಗಿ ಎಂದು ಬರೆದಿದ್ದೀರಿ. ಓದುವುದು ತಮಿಳಿನಲ್ಲಿ ಎಂದು ಒಂದು ಮಾತೂ ಇಲ್ಲ. ನಾನು ಏಳನೇ ತರಗತಿಯವಳು, ಸಾಲಿನಲ್ಲಿ ನಿಂತು ರೋಷಕ್ಕೆ ಹೇಳಿದೆ. ನೀವು ಮೇಜಿನ ಮುಂದೆ ಕೂತು ಯೋಚಿಸಿ ಬರೆದವರು. ನಿಮಗೇನಾಗಿತ್ತು?

ಇನ್ನೊಂದು. ಈ ಸಲದ ಕವರಿನ ಮೇಲೆ ಕೈಯಲ್ಲಿ ದೀಪ ಹಿಡಿದ ಗುರುತಿದೆ. ಇಲ್ಲಿಯ ಕೇಂದ್ರದ ಬೋರ್ಡಿನ ಮೇಲೆ ಇದ್ದ ಗುರುತು. ಕೆಳಗೆ ದಾವಣಗೆರೆ ಕಚೇರಿ ಎಂದು ಅಚ್ಚಾಗಿದೆ. ಸಂಸ್ಥೆ ಮುಚ್ಚಿತು ಎಂದಿರಿ. ಮುಚ್ಚಿದ ಸಂಸ್ಥೆ ಹೊಸ ಕವರು ಅಚ್ಚು ಹಾಕಿಸುತ್ತದೆಯೇ?

ಮುನಿರತ್ನಮ್ಮ

*

ದಾವಣಗೆರೆ
೧೨–೧೦–೧೯೮೪

ಮುನಿರತ್ನಮ್ಮನವರೆ,

ಕವರು ನೋಡಿ ಕಂಡುಹಿಡಿದಿರಿ. ಒಳ್ಳೆಯದೇ ಆಯಿತು, ಇನ್ನು ಮುಚ್ಚಿಡುವ ಕಷ್ಟವಿಲ್ಲ.

ಸಂಸ್ಥೆ ಮುಚ್ಚಿಲ್ಲ. ನಿಮ್ಮ ಕೇಂದ್ರ ಮಾತ್ರ ಮುಚ್ಚಿತು. ಈಗ ಹೊಗೆಯಿಲ್ಲದ ಒಲೆ ಹಾಕಿಸುವ ಕೆಲಸಕ್ಕೆ ಹಣ ಬರುತ್ತಿದೆ. ನಾನು ಹಳ್ಳಿ ಹಳ್ಳಿ ತಿರುಗಿ ಒಲೆ ಎಣಿಸುತ್ತೇನೆ. ನಮ್ಮ ಕಾರ್ಯದರ್ಶಿಗಳು ಹೇಳುತ್ತಾರೆ: "ಶ್ಯಾಮಲಾ, ಮಗು ಓದಲು ಕಲಿತರೆ ಫೋಟೋದಲ್ಲಿ ಕಾಣುವುದಿಲ್ಲ. ಒಲೆ ಕಾಣುತ್ತದೆ." ಈ ಮಾತನ್ನು ನಗುತ್ತಾ ಹೇಳುತ್ತಾರೆ. ನಾನು ತಲೆ ಅಲ್ಲಾಡಿಸುತ್ತೇನೆ, ಮನೆಗೆ ಬಂದು ಪಾತ್ರೆ ಕುಕ್ಕುತ್ತೇನೆ.

ಅಂದು ರಜ ಕೇಳಿದೆ. ಹಳೆಯ ಕೇಂದ್ರದ ಗೊಡವೆ ಬೇಡ, ಒಬ್ಬರಿಗೆ ಮಾಡಿದರೆ ಎಲ್ಲರೂ ಬರುತ್ತಾರೆ, ಹೋಗುವುದಾದರೆ ವಾಪಸ್ಸು ಬರಬೇಡ ಎಂದರು. ಹೋಗಲಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಾರೆ. ಅಣ್ಣನ ಮನೆಯಲ್ಲಿ ಗಂಡನಿಲ್ಲದ ತಂಗಿ ಸಂಬಳವೂ ಇಲ್ಲದೆ ಕೂತರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ನನ್ನನ್ನು ಬೈಯುವುದು ಸುಲಭ, ಕೈಗೆ ಸಿಗುವವಳು ನಾನೊಬ್ಬಳೇ. ಬಾಗಿಲು ಹಾಕಿಸಿದವರಿಗೆ ನೀವು ಒಂದು ಕಾಗದ ಬರೆದಿದ್ದೀರಾ?

ಪರಿಚಯ ಪತ್ರದ ಮಾತು ನಿಜ. ನಾನು ಹುಟ್ಟಿ ಬೆಳೆದದ್ದು ಕೋಲಾರದ ಚಿನ್ನದ ಗಣಿಯಲ್ಲಿ, ಮನೆಯಲ್ಲೊಂದು ಭಾಷೆ ಶಾಲೆಯಲ್ಲೊಂದು ಎನ್ನುವುದು ನನಗೆ ಉಸಿರಾಡಿದ ಹಾಗೆ. ಹೇಳಬೇಕಾದ ಸಂಗತಿ ಎಂದೇ ಹೊಳೆಯಲಿಲ್ಲ. ಬೆಂಗಳೂರಿನವರಿಗೆ ಅದು ಗೊತ್ತಿರುವುದಿಲ್ಲ ಎನ್ನುವುದೂ ಹೊಳೆಯಲಿಲ್ಲ.

ಅವಳನ್ನು ಮತ್ತೆ ಕರೆದುಕೊಂಡು ಹೋಗಿ. ತಮಿಳು ಪುಸ್ತಕ ಕೈಯಲ್ಲಿರಲಿ. ಡಿಸೆಂಬರಿನಲ್ಲಿ ಅಮ್ಮನ ಔಷಧಿಗೆಂದು ನಾನು ಬೆಂಗಳೂರಿಗೆ ಬರಬಹುದು. ಅಲ್ಲಿಯವರೆಗೆ ಕಾಯುವುದಾದರೆ ಜೊತೆಗಿರುತ್ತೇನೆ.

ಶ್ಯಾಮಲಮ್ಮ

*

ರಾಯಕೋಟೆ
೨–೧೨–೧೯೮೪

ಟೀಚರಮ್ಮನವರಿಗೆ,

ನಿಮ್ಮನ್ನು ಕಾಯಲಿಲ್ಲ. ಒಮ್ಮೆ ಕಾದು ಆಗಿತ್ತು.

ದೀಪಾವಳಿ ಕಳೆದ ಮೇಲೆ ನಾನೂ ಅಂಜಿನಿಯೂ ಹೋದೆವು. ಚೀಟಿ ಬರೆಯುವ ಅದೇ ಮೇಜು, ಅದೇ ಮನುಷ್ಯ. ತಮಿಳು ಪುಸ್ತಕವನ್ನು ಅವನ ಮುಂದೆ ಇಟ್ಟು, "ಇದ್ರಾಗೆ ಓದ್ಸಿ" ಎಂದೆ. "ಕನ್ನಡ ಅಂತ ನೀವೇ ಬರೆಸಿದ್ದೀರಲ್ಲಮ್ಮ, ಈಗ ತಮಿಳು ಅಂತೀರಿ" ಎಂದ. "ಮಾತು ಕನ್ನಡ, ಓದು ತಮಿಳು. ನಮ್ ಕಡೆ ಇಂಗೇಯ" ಎಂದರೆ ಅವನ ತಲೆಗೆ ಹೋಗಲಿಲ್ಲ. ಮೂರು ತಿಂಗಳು ಬಿಟ್ಟು ಬನ್ನಿ ಎಂದ. ನಾನು ಅವನ ಮೇಜಿನ ಮುಂದೆಯೇ ನೆಲದ ಮೇಲೆ ಕೂತುಬಿಟ್ಟೆ. ಹೋಗುವವರು ಬರುವವರು ನನ್ನನ್ನು ದಾಟಿಕೊಂಡೇ ಹೋಗಬೇಕಾಯಿತು. ವಾಚ್‌ಮನ್ ಬಂದ. "ಮುಟ್ಟು ನೋಡನ" ಎಂದೆ. ಮುಟ್ಟಲಿಲ್ಲ.

ಗಲಾಟೆ ಕೇಳಿ ಪಕ್ಕದ ವಿಭಾಗದಿಂದ ಸೇಲಂ ಕಡೆಯ ಡಾಕ್ಟರಮ್ಮ ಬಂದರು. ಅಂಜಿನಿಯ ಹತ್ತಿರ ತಮಿಳಿನಲ್ಲಿ ಏನೋ ಕೇಳಿದರು, ಅವಳು ಏನೋ ಹೇಳಿದಳು, ಇಬ್ಬರೂ ನಕ್ಕರು. ಅಂದೂ ಮಾರನೆಯ ದಿನವೂ ಪರೀಕ್ಷೆ ನಡೆಯಿತು. ಮರದ ತುಂಡು, ಚಿತ್ರ, ಕಥೆ, ಲೆಕ್ಕ, ಕೊನೆಗೆ ಪುಸ್ತಕ. ನನ್ನನ್ನು ಒಳಗೇ ಕೂರಿಸಿಕೊಂಡರು. ಬುದ್ಧಿಗೆ ಏನೂ ಕೊರತೆಯಿಲ್ಲ, ವಯಸ್ಸಿಗಿಂತ ಮುಂದೆಯೇ ಇದ್ದಾಳೆ, ಓದಿನ ತೊಡಕು ಮಾತ್ರ ಎಂದು ಬರೆದು ಕೊಟ್ಟರು. ನೀವು ಹೇಳಿದ ಅದೇ ಹೆಸರು. ಹಳೆಯ ಕಾಗದ ತಪ್ಪೆಂದೂ ಬರೆದರು. ನೀವು ಸುಳ್ಳು ಹೇಳಿರಲಿಲ್ಲ. ಅದನ್ನು ಒಪ್ಪಿಕೊಳ್ಳುತ್ತೇನೆ.

ಹೆಡ್‌ಮಾಸ್ಟರು ಮತ್ತೆ ಸೇರಿಸಿಕೊಂಡರು. ಸೇರಿಸಿಕೊಂಡು, ಈ ಸಲ ಕನ್ನಡದಲ್ಲೇ, "ಕಾಯಿಲೆ ಹೆಸ್ರು ತಂದ್ಯಲ್ಲಮ್ಮಾ, ವಾಸಿ ಮಾಡೋರ್ನ ತಂದ್ಯಾ? ಏಪ್ರಿಲ್ನಾಗೆ ಫೇಲಾದ್ರೆ ನನ್ನ ಕೇಳ್ಬ್ಯಾಡ" ಎಂದರು. ಅದೂ ನಿಜ. ಡಾಕ್ಟರಮ್ಮನವರನ್ನು ಕೇಳಿದರೆ, ಇದಕ್ಕೆ ಪಾಠ ಹೇಳುವವರು ನಿಮ್ಮ ಕಡೆ ಯಾರೂ ನನಗೆ ಗೊತ್ತಿಲ್ಲ ಎಂದಿದ್ದರು. ನಾನು ಹುಡುಕಿದೆ. ಹೊಸೂರಿನಲ್ಲಿ ಟ್ಯೂಷನ್ ನಡೆಸುವಾಕೆ, ಇಂಥವರನ್ನು ಸೇರಿಸಿದರೆ ಉಳಿದವರು ಬಿಟ್ಟು ಹೋಗುತ್ತಾರೆ ಎಂದಳು. ಕೃಷ್ಣಗಿರಿಯಲ್ಲಿ ರಿಟೈರಾದ ಮೇಷ್ಟರೊಬ್ಬರು ಒಪ್ಪಿಕೊಂಡು, ತಪ್ಪು ಮಾಡಿದ ಪದವನ್ನು ಪುಟಗಟ್ಟಲೆ ಬರೆಸಿದರು, ಗೆಣ್ಣಿನ ಮೇಲೆ ಸ್ಕೇಲಿನಿಂದ ಹೊಡೆದರು. ಮತ್ತೆ ವಾಂತಿ ಶುರುವಾಯಿತು. ಬಿಡಿಸಿದೆ.

ಬೀಗದ ಹಿಂದಿರುವ ಆ ಅಕ್ಷರದ ಹಲಗೆಗಳನ್ನು ಕೊಡಿಸಿ. ಅಷ್ಟೇ ಕೇಳುವುದು. ಸೊಣ್ಣಪ್ಪನಿಗೆ ಒಂದು ಸಾಲು ಬರೆದರೆ ಸಾಕು. ನೀವು ಅಂದ ಮೇಲೆ ನಿಮ್ಮ ಕಾರ್ಯದರ್ಶಿಗೂ ಒಂದು ಕಾಗದ ಬರೆದಿದ್ದೇನೆ. ಬಾಗಿಲು ಹಾಕಿಸಿದವರು ಅದನ್ನಾದರೂ ಓದಲಿ.

ಮುನಿರತ್ನಮ್ಮ

*

ದಾವಣಗೆರೆ
೨೮–೧೨–೧೯೮೪

ಮುನಿರತ್ನಮ್ಮನವರೆ,

ನೆಲದ ಮೇಲೆ ಕೂತಿರೆಂದು ಓದಿ ಕಚೇರಿಯಲ್ಲಿ ಒಬ್ಬಳೇ ನಕ್ಕೆ. ಆಮೇಲೆ ನಗು ಬರಲಿಲ್ಲ.

ಕಾರ್ಯದರ್ಶಿಗಳನ್ನು ಕೇಳಿದೆ. ಹಲಗೆಗಳು ಸಂಸ್ಥೆಯ ಆಸ್ತಿಯಂತೆ. ದಾನಿಗಳಿಗೆ ಲೆಕ್ಕ ಒಪ್ಪಿಸುವವರೆಗೆ ಕದಲಿಸುವಂತಿಲ್ಲವಂತೆ. ಆಮೇಲೆ ಸಾಮಾನು ಹರಾಜು ಹಾಕುತ್ತಾರಂತೆ. ನಿಮ್ಮ ಕಾಗದ ಅವರ ಮೇಜಿನ ಮೇಲೆ ಲೋಟದ ಕೆಳಗೆ ಇತ್ತು. ತೆರೆದಿರಲಿಲ್ಲ.

ಸ್ವಲ್ಪ ಕಾಯಿರಿ ಎಂದು ಬರೆಯಲು ಹೇಳಿದ್ದಾರೆ. ಬರೆದಿದ್ದೇನೆ.

ಶ್ಯಾಮಲಮ್ಮ

*

ಕೈದೀಪ ಸೇವಾ ಸಂಸ್ಥೆ
ದಾವಣಗೆರೆ ಕಚೇರಿ
೧೮–೨–೧೯೮೫

ಶ್ರೀಮತಿ ಮುನಿರತ್ನಮ್ಮ, ಗಂಡ ಆವುಲಪ್ಪ, ರಾಯಕೋಟೆ ಇವರಿಗೆ.

ವಿಷಯ: ಸಂಸ್ಥೆಯ ಆಸ್ತಿಯನ್ನು ಅಕ್ರಮವಾಗಿ ಸಾಗಿಸಿರುವ ಬಗ್ಗೆ.

ತಾವು ದಿನಾಂಕ ೨೭–೧–೧೯೮೫ರಂದು ಇತರ ಕೆಲವು ಮಹಿಳೆಯರೊಂದಿಗೆ ಸಂಸ್ಥೆಯ ವಶದಲ್ಲಿರುವ ಕೋಣೆಯ ಬೀಗವನ್ನು ಕಲ್ಲಿನಿಂದ ಒಡೆದು, ಒಳಗಿದ್ದ ಮರದ ಬೋಧನಾ ಹಲಗೆಗಳನ್ನು ತಲೆಯ ಮೇಲೆ ಹೊತ್ತು ಸಾಗಿಸಿರುವುದಾಗಿ ಕಟ್ಟಡದ ಮಾಲೀಕರು ತಿಳಿಸಿರುತ್ತಾರೆ. ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಸದರಿ ವಸ್ತುಗಳನ್ನು ಯಥಾಸ್ಥಿತಿಯಲ್ಲಿ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ಪೊಲೀಸರಿಗೆ ದೂರು ನೀಡಲಾಗುವುದು.

ಕಾರ್ಯದರ್ಶಿಗಳ ಪರವಾಗಿ,
(ಸಹಿ) ಕೆ. ಶ್ಯಾಮಲಮ್ಮ

*

ಅದೇ ಕವರಿನಲ್ಲಿ ಮಡಿಸಿಟ್ಟಿದ್ದ ಹಾಳೆ, ದಿನಾಂಕವಿಲ್ಲ.

ಒಂದು ಹೊತ್ತಿಗೆ ಒಂದೇ ಅಕ್ಷರ. ಹಲಗೆಯ ಮೇಲೆ ಕೊರೆದ ಹಳ್ಳದಲ್ಲಿ ಅವಳ ತೋರುಬೆರಳು ಹೋಗಲಿ, ಬೆರಳು ಹೋಗುವಾಗಲೇ ಬಾಯಿ ಆ ಶಬ್ದ ಹೇಳಲಿ. ಮೊದಲು ಕಣ್ಣು ತೆರೆದು, ಆಮೇಲೆ ಮುಚ್ಚಿ. ಹಲಗೆಯನ್ನು ತಲೆಕೆಳಗಾಗಿ ಕೊಡಬೇಡಿ, ಮೇಲ್ತುದಿಗೆ ಒಂದು ಮೊಳೆ ಹೊಡೆದಿದೆ ನೋಡಿಕೊಳ್ಳಿ.

ಬೆರಳಿಗೆ ಬಂದ ಮೇಲೆ ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ ಅದರಲ್ಲಿ ಬರೆಯಲಿ. ತಪ್ಪಾದರೆ ತಟ್ಟೆ ಅಲ್ಲಾಡಿಸಿದರೆ ಸಾಕು, ತಪ್ಪು ಉಳಿಯುವುದಿಲ್ಲ. ಕಾಗದ ಕೊನೆಗೆ.

ಒಂದನ್ನೊಂದು ಹೋಲುವ ಎರಡು ಅಕ್ಷರಗಳನ್ನು ಒಂದೇ ವಾರದಲ್ಲಿ ಕೊಡಬೇಡಿ. ದಣಿಯುವ ಮೊದಲೇ ನಿಲ್ಲಿಸಿ. ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದಿಸಬೇಡಿ. ಪರೀಕ್ಷೆಯ ಪಾಠವನ್ನು ಯಾರಿಂದಲಾದರೂ ಓದಿಸಿ ಕೇಳಿಸಿ, ಅವಳಿಗೆ ಕಿವಿಯಿಂದ ಬರುತ್ತದೆ.

ಪ್ರತಿ ಹಲಗೆಯ ಹಿಂಬದಿಯಲ್ಲಿ ಆ ಶಬ್ದವನ್ನು ಪೆನ್ಸಿಲಿನಿಂದ ಕನ್ನಡದಲ್ಲಿ ಬರೆದಿದೆ. ತಮಿಳು ಅಕ್ಷರ ಬಾರದವರೂ ಅದನ್ನು ನೋಡಿಕೊಂಡು ಹೇಳಿಕೊಡಬಹುದು. ಬಾರದಿರುವುದು ಕೆಟ್ಟದ್ದಲ್ಲ. ಅಮ್ಮನೂ ತಪ್ಪು ಮಾಡುವುದನ್ನು ನೋಡಿದರೆ ಮಗು ಹೆದರುವುದಿಲ್ಲ.

ಹೊಡೆಯಬೇಡಿ. ಯಾರು ಹೊಡೆಯಲು ಬಂದರೂ ಬಿಡಬೇಡಿ.

*

ರಾಯಕೋಟೆ
೩–೩–೧೯೮೫

ಟೀಚರಮ್ಮನವರಿಗೆ ಮುನಿರತ್ನಮ್ಮ ಮಾಡುವ ನಮಸ್ಕಾರಗಳು.

ಒಂದು ಕವರಿನಲ್ಲಿ ಎರಡು ಕಾಗದ ಬಂದವು. ಎರಡಕ್ಕೂ ಉತ್ತರ ಬರೆಯುತ್ತೇನೆ.

ಮೊದಲು ನೋಟೀಸಿಗೆ. ಹಲಗೆಗಳನ್ನು ಕೊಡುವುದಿಲ್ಲ. ಸಂಸ್ಥೆಯ ಆಸ್ತಿ ಎಂದಿದ್ದೀರಿ. ಆ ಮರ ನಮ್ಮ ಹಿತ್ತಲಿನ ಬೇವಿನ ಮರ. ಬಿರುಗಾಳಿಗೆ ಬಿದ್ದಾಗ, ಮಕ್ಕಳಿಗೆ ಆಗಲಿ ಎಂದು ನಮ್ಮ ಯಜಮಾನರು ಬಂಡಿಯಲ್ಲಿ ಹೇರಿಕೊಂಡು ಬಂದು ನಿಮ್ಮ ಬಾಗಿಲಲ್ಲಿ ಇಳಿಸಿದ್ದು ನಿಮ್ಮ ಕಣ್ಣೆದುರಿಗೇ. ಕೊರೆದವನು ನಮ್ಮೂರ ಆಚಾರಿ. ನಿಮ್ಮ ಸಂಸ್ಥೆಯದ್ದು ಅಂತ ಆ ಕೋಣೆಯಲ್ಲಿ ಇದ್ದದ್ದು ಬೀಗ ಒಂದೇ. ಅದು ಸೊಣ್ಣಪ್ಪನ ಹತ್ತಿರ ಇದೆ, ಬೇಕಾದರೆ ತರಿಸಿಕೊಳ್ಳಲಿ.

ಪೊಲೀಸರನ್ನು ಕಳಿಸಲಿ. ಕಳಿಸುವವರು ಸಂಜೆ ಹೊತ್ತು ಕಳಿಸಲಿ. ಅಂಜಿನಿ ಒಬ್ಬಳೇ ಅಲ್ಲ, ನಿಮ್ಮ ಹತ್ತಿರ ಬರುತ್ತಿದ್ದ ಮಕ್ಕಳೆಲ್ಲ ನಮ್ಮ ಜಗಲಿಯ ಮೇಲೆ ಕೂತಿರುತ್ತಾರೆ. ಬಂದವರು ಆ ಮಕ್ಕಳ ಕೈಯಿಂದ ಹಲಗೆಗಳನ್ನು ಕಿತ್ತುಕೊಂಡು ಹೋಗಲಿ. ನಿಮ್ಮ ಕಾರ್ಯದರ್ಶಿಯೂ ಜೊತೆಗೆ ಬಂದು ಅದನ್ನು ಫೋಟೋ ತೆಗೆಸಲಿ. ಅದು ಚೆನ್ನಾಗಿ ಕಾಣುತ್ತದೆ.

ಅಂಜಿನಿಗೆ ಓದು ಇನ್ನೂ ಬಂದಿಲ್ಲ. ಬಂತು ಎಂದು ಬರೆದು ನಿಮ್ಮನ್ನು ಸಮಾಧಾನ ಮಾಡುವುದಿಲ್ಲ. ಏಪ್ರಿಲ್‌ನಲ್ಲಿ ಪಾಸಾಗುತ್ತಾಳೋ ಇಲ್ಲವೋ ಗೊತ್ತಿಲ್ಲ. ಆದರೆ ಪುಸ್ತಕ ಕಂಡರೆ ವಾಂತಿ ಮಾಡುತ್ತಿಲ್ಲ. ನಾನು ತಪ್ಪು ಹೇಳಿದರೆ, "ಅಂಗಲ್ಲ ಕಣಮ್ಮೋ, ಬೆರಳ್ನ ಹಿಂಗ್ ಬುಡು" ಎಂದು ನನ್ನ ಕೈ ಹಿಡಿದು ಹಳ್ಳದಲ್ಲಿ ಎಳೆಯುತ್ತಾಳೆ. ನಮ್ಮ ಯಜಮಾನರು ಫ್ಯಾಕ್ಟರಿಯಿಂದ ಬಂದು ಟೋಪಿ ಕೂಡ ತೆಗೆಯದೆ ನಿಂತು ನೋಡುತ್ತಾರೆ. ಅವರಿಗೆ ತಮಿಳು ಓದಲು ಸ್ವಲ್ಪ ಬರುತ್ತದೆ. ಈಗ ಪಾಠ ಓದಿ ಕೇಳಿಸುವವರು ಅವರೇ.

ಇನ್ನು ಆ ಹಾಳೆ. ಅದರಂತೆಯೇ ಮಾಡುತ್ತಿದ್ದೇವೆ. ಅದು ಬರುವ ಮೊದಲು ಹಲಗೆಗಳನ್ನು ಹೇಗೆ ಹಿಡಿಯಬೇಕೆಂದೂ ತಿಳಿಯದೆ ತಿಣುಕಾಡುತ್ತಿದ್ದೆವು. ಯಾರ ಕೈಬರಹ ಎಂದು ನನಗೆ ಗೊತ್ತು. ಬರೆಯುವಾಗ ಎಷ್ಟು ಹೆದರಿದ್ದೀರಿ ಎಂದೂ ಗೊತ್ತಾಗುತ್ತದೆ. ನಿಮ್ಮ ಮೇಲಿದ್ದ ಕೋಪ ಅದನ್ನು ಓದುವಾಗ ಅರ್ಧ ಇಳಿಯಿತು, ಕೆಳಗೆ ನೋಡಿದಾಗ ಮತ್ತೆ ಏರಿತು. ನನ್ನನ್ನು ಕಳ್ಳಿ ಎನ್ನುವ ಕಾಗದದ ಕೆಳಗೆ ದುಂಡಗೆ ನಿಮ್ಮ ಸಹಿ ಇದೆ. ನನ್ನ ಮಗಳಿಗೆ ದಾರಿ ತೋರಿಸುವ ಕಾಗದದ ಕೆಳಗೆ ಖಾಲಿ ಬಿಟ್ಟಿದ್ದೀರಿ. ಮಾಡಿದ ಒಳ್ಳೆಯ ಕೆಲಸಕ್ಕೆ ಹೆಸರು ಹಾಕಲು ಹೆದರುವಂಥ ಕಡೆ ನೀವು ಹೇಗೆ ಇದ್ದೀರಿ?

ಹಾಳೆಯನ್ನು ನಾನು ನಕಲು ಮಾಡಿಕೊಂಡಿದ್ದೇನೆ. ನಿಮ್ಮದನ್ನು ವಾಪಸ್ಸು ಕಳಿಸುತ್ತಿದ್ದೇನೆ. ಸಹಿ ಹಾಕಿ ಕಳಿಸಿ. ಹಾಕಿದರೆ ನಿಮ್ಮ ಕೆಲಸ ಹೋಗಬಹುದು. ಗೊತ್ತಿದ್ದೇ ಕೇಳುತ್ತಿದ್ದೇನೆ. ಹೇಗೆ ಹಾಕಬೇಕೆಂದು ಮರೆತಿದ್ದರೆ ಕೆಳಗೆ ನೋಡಿಕೊಳ್ಳಿ. ಈ ಕಾಗದವನ್ನು ನಿಮ್ಮ ಕಾರ್ಯದರ್ಶಿಗೂ ತೋರಿಸಬಹುದು.

ಇಂತಿ,
ಮುನಿರತ್ನಮ್ಮ, ಗಂಡ ಆವುಲಪ್ಪ, ರಾಯಕೋಟೆ,
ಬೀಗ ಒಡೆದವಳು